ಹುಲಿಯ ಎರಡು ಶಾಸನಗಳು

ಕನ್ನಡದಲ್ಲಿ ಶಾಸನವೆಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಕಲ್ಲಿನಲ್ಲಿಯೂ ತಾಮ್ರಪಟದಲ್ಲಿಯೂ ಕೊರೆದ ಹಳೆಯ ಬರಹವು ಶಾಸನ. ಶಾಸನಸಭೆಯು ಅಂಗೀಕರಿಸಿದ ಕಾಯಿದೆಯೂ ಶಾಸನ. ಹುಲಿ ಚಿರತೆಗಳ ವಿಷಯದಲ್ಲಿ ಈ ಎರಡು ಶಾಸನಗಳು ಒಂದನ್ನೊಂದು ಎದುರಿಸಿ ನಿಂತಿವೆಯೆಂಬ ಅಭಿಪ್ರಾಯವು ಈಚೆಗೆ ಬಲವಾಗುತ್ತಿದೆ. ಹುಲಿಯನ್ನು ಇರಿದವನಿಗೆ ನಮ್ಮ ಹಿರಿಯರು ಕಲ್ಲು ನಿಲ್ಲಿಸಿ ಪೂಜೆ ಮಾಡಿದರು. 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯು ಅವನನ್ನೇ ಸೆರೆಮನೆಗೆ ಕಳಿಸುತ್ತದೆ. ಆದುದರಿಂದ ದೊಡ್ಡ ಹಿಂಸ್ರಪಶುಗಳಿಗೆ ಕೊಟ್ಟಿರುವ ರಕ್ಷಣೆಯನ್ನು ತೆಗೆದುಹಾಕುವುದು ನಾಡಿನ ಪರಂಪರೆಗೆ ಒಪ್ಪುವ ಕೆಲಸವೆಂದು ವಾದವು ಸಾಗುತ್ತದೆ. ಮೇಲುನೋಟಕ್ಕೆ ಈ ವಾದವು ಸರಿಯಾಗಿಯೇ ಕಾಣುತ್ತದೆ. ಆದರೆ ಇದನ್ನು ಮಂಡಿಸುವವರು ಕಲ್ಲನ್ನೂ ಸರಿಯಾಗಿ ಓದಿಲ್ಲ, ಕಾಯಿದೆಯನ್ನೂ ಸರಿಯಾಗಿ ಓದಿಲ್ಲವೆಂಬುದು ನಮ್ಮ ಅಭಿಪ್ರಾಯ. ಓದುವುದು ವಿಮರ್ಶಕನ ಕಸುಬಾದುದರಿಂದ, ಅರಣ್ಯಾಧಿಕಾರಿಗಳಿಗೂ ರಾಜಕಾರಣಿಗಳಿಗೂ ಬಿಟ್ಟ ಈ ವಿಷಯದಲ್ಲಿ ಇಷ್ಟು ಅಧಿಕಪ್ರಸಂಗವನ್ನು ವಾಚಕರು ಮನ್ನಿಸಬೇಕು.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳು ಮಲೆನಾಡು ಮುಗಿದು ಬಯಲುಸೀಮೆಯು ಮೊದಲಾಗುವ ಗಡಿಯಲ್ಲಿವೆ. ಹಾನಗಲ್ಲಿನ ಪಡುವಣಕ್ಕೆ ಮುಂಡಗೋಡದ ಕಾಡು. ಹಿರೇಕೆರೂರಿನ ತೆಂಕಣಕ್ಕೆ ಶಿಕಾರಿಪುರದ ಗುಡ್ಡಗಳು. ಸವಣೂರಿನ ಕಡೆಗೆ ಹೋದರೆ ಎರೆಹೊಲ. ಹಳೆಯ ಕಾಲದಲ್ಲಿ ಇದು ಪಾನುಂಗಲ್ ಐನೂರು, ಬನವಾಸಿ ಪನ್ನಿರ್ಚ್ಛಾಸಿರಗಳ ಸೀಮೆ. ವೀರಗಲ್ಲಿಲ್ಲದ ಊರು ಇಲ್ಲಿ ವಿರಳ. ಅವುಗಳಲ್ಲಿ ಬಹುಪಾಲು ತುರುಗೋಳಿನ ಕಲ್ಲುಗಳು; ಎಂದರೆ ನೆರೆಯ ನಾಡಿನವರು ಬಂದು ದನಗಳನ್ನು ಹೊಡೆದುಕೊಂಡು ಹೋದಾಗ ಅವನ್ನು ತಿರುಗಿಸಿ ತರಲು ಹೋರಾಡಿ ಮಡಿದವರವು. ಊರಳಿವಿನಲ್ಲಿ ಸತ್ತವರವು, ಪೆಣ್ಬುಯ್ಯಲಿನಲ್ಲಿ ಸತ್ತವರವು ಬೇರೆ. ಹುಲಿಯೊಡನೆ ಅಥವಾ ಹಂದಿಯೊಡನೆ ಹೋರಿ ಸತ್ತವರ ಕಲ್ಲುಗಳು ಕನ್ನಡ ನಾಡಿನಲ್ಲಿ ಉಂಟು. ತುರುಗೋಳಿನ ಕಲ್ಲುಗಳ ಮುಂದೆ ಅವುಗಳ ಸಂಖ್ಯೆಯು ಅಲ್ಪ. ಈ ಪ್ರಮಾಣವನ್ನೇ ಸಾಕ್ಷಿಯೆಂದು ಹಿಡಿದರೆ, ನಮ್ಮ ಪೂರ್ವಿಕರ ಹಟ್ಟಿಯನ್ನು ಹೆಚ್ಚಾಗಿ ಬರಿದುಮಾಡಿದವನು ಹುಲಿಯಲ್ಲ, ನೆರೆಯೂರಿನ ಮನುಷ್ಯನೇ ಎಂದು ಹೇಳಬೇಕಾಗುತ್ತದೆ.

ಇದಕ್ಕಿಂತ ಮುಖ್ಯವಾದ ಮಾತೊಂದುಂಟು. ಹುಲಿಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಹುಲಿಯು ಹಿಂಗಾಲ ಮೇಲೆ ಎದ್ದು ನಿಂತಿರುತ್ತದೆ. ಮುಂಗಾಲು ವೀರನ ಗುರಾಣಿಯ ಮೇಲೋ ಹೆಗಲ ಮೇಲೋ ಇರುತ್ತದೆ. ವೀರನ ಸುರಗಿಯು ಅದರ ಹೊಟ್ಟೆಯಲ್ಲಿರುತ್ತದೆ. ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಇವುಗಳಲ್ಲಿ ನಡುವಣ ಪಟ್ಟಿಕೆಯನ್ನು ನಮ್ಮ ವಾದಿಗಳು ನೋಡುವುದೇ ಇಲ್ಲ. ವೀರನು ಸತ್ತಿದ್ದಾನೆ. ಹುಲಿಯನ್ನು ಕೊಂದು ಸುರಕ್ಷಿತನಾಗಿ ಮನೆಗೆ ಬಂದು ಉಂಡು ಮಲಗಿದವನಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ವೀರಗಲ್ಲು ಕೊಲ್ಲುವುದಕ್ಕೆ ಕೊಟ್ಟ ಸನ್ನದಲ್ಲ. ಊರಿನವನೊಬ್ಬನನ್ನು ಕಳೆದುಕೊಂಡುದರ ಲೆಕ್ಕ. ಕ್ರಿ.ಶ. 10ನೆಯ ಶತಮಾನದ ನಡುವಿನ ಆತಕೂರಿನ ಪ್ರಸಿದ್ಧ ಶಿಲೆಯಲ್ಲಿ ಕಾಳಿಯೆಂಬ ನಾಯಿಯೂ ಅದು ಹಿಡಿದ ಹಂದಿಯೂ ಕೂಡಿಯೇ ಸತ್ತವೆಂದು ಹೇಳಿದೆ. ಅಲ್ಲಿಯೂ ಕಲ್ಲು ನಿಂತುದು ಸತ್ತ ನಾಯಿಗಾಗಿ. ಎದುರಾಳಿಯಾದ ಮೃಗವನ್ನು ಈ ಕಲ್ಲುಗಳು ಹೀನವಾಗಿ ಕಂಡರಿಸುವುದೂ ಇಲ್ಲ. ಕಲ್ಲುಕುಟಿಗನು ಹುಲಿಯನ್ನು ವೀರನಷ್ಟೇ ಎತ್ತರವಾಗಿ ಕಡೆದಿರುತ್ತಾನೆ, ಕೆಲವೆಡೆ ಅವನಿಗಿಂತ ದೊಡ್ಡದಾಗಿಯೇ.

ಅರಸುಮನೆತನದ ಲಾಂಛನದ ರೀತಿ ಬೇರೆ. ಸೊಸೆವೂರಿನ ವಾಸಂತಿಕೆಯ ಗುಡಿಯಲ್ಲಿ ಜೈನಮುನಿಯ ಆಜ್ಞೆಯಂತೆ ಸಳನು ಹುಲಿಯನ್ನು ಹೊಡೆದನೆಂಬ ಐತಿಹ್ಯದಲ್ಲಿ ಸಳನು ಸಾಯುವುದಿಲ್ಲ. ಅವನು ರಾಜ್ಯವನ್ನು ಪಡೆಯುತ್ತಾನೆ. ಮೃಗವನ್ನು ಕೊಂದುದೇ ಆಳುವ ಹಕ್ಕಿಗೆ ಪ್ರಮಾಣಪತ್ರವಾಗುತ್ತದೆ. (ಹೊಯ್ಸಳರ ಗುಡಿಗಳ ಮೇಲಿನ ಆ ಮೃಗವು ಹುಲಿಗಿಂತ ಸಿಂಹವನ್ನೇ ಹೆಚ್ಚು ಹೋಲುತ್ತದೆಂಬುದು ಬೇರೆ ಚರ್ಚೆ.) 1196ರಲ್ಲಿ ವೀರಬಲ್ಲಾಳನು ಹಾನಗಲ್ಲನ್ನು ಮುತ್ತಿದಾಗ ಸಳನ ಹುಲಿಯೂ ಕದಂಬರ ಸಿಂಹಲಾಂಛನವೂ ಇಲ್ಲಿಯೇ ಎದುರುಬದುರಾದವು. ಆ ಕಾಳಗದಲ್ಲಿ ಸತ್ತವರು ಮಾತ್ರ ಹುಲಿಗಳೂ ಅಲ್ಲ, ಸಿಂಹಗಳೂ ಅಲ್ಲ. ಊರಿನ ಕಲ್ಲು ಮತ್ತು ಅರಸನ ಲಾಂಛನ ಇವೆರಡರ ಭೇದವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬಿನ್ನಹ. ಇಂದಿನ ವಾದದಲ್ಲಿ ಬಾಯಲ್ಲಿರುವುದು ಊರಿನ ಕಲ್ಲು, ಮನಸ್ಸಿನಲ್ಲಿರುವುದು ಅರಸನ ಲಾಂಛನ.

ಪರಂಪರೆಯೆಂಬುದು ಒಂದೇ ಧ್ವನಿಯದೂ ಅಲ್ಲ. ಶಿಗ್ಗಾಂವಿ ತಾಲೂಕಿನ ಬಂಕಾಪುರವು ಒಂದು ಕಾಲಕ್ಕೆ ಜೈನವಿದ್ಯೆಯ ದೊಡ್ಡ ಕೇಂದ್ರವಾಗಿತ್ತು. ಗುಣಭದ್ರನ ಉತ್ತರಪುರಾಣವು ಕ್ರಿ.ಶ. 898ರಲ್ಲಿ ಅಲ್ಲಿ ಪೂಜೆಗೊಂಡಿತು. ಅಜಿತಸೇನಾಚಾರ್ಯನ ಸನ್ನಿಧಿಯಲ್ಲಿ ಗಂಗ ಮಾರಸಿಂಹನು ಸಲ್ಲೇಖನವನ್ನು ಕೈಕೊಂಡು ಮುಡಿಪಿದುದೂ ಅಲ್ಲಿಯೇ. ಆ ಮತದ ಕಥೆಗಳಲ್ಲಿ ಹುಲಿಯು ಬರುವ ಬಗೆಯೇ ಬೇರೆ. ವಡ್ಡಾರಾಧನೆಯ ಸುಕೌಶಳಸ್ವಾಮಿಯ ಕಥೆಯಲ್ಲಿ ಮಗನ ಮೋಹದಿಂದ ಆರ್ತಳಾಗಿ ಸತ್ತ ತಾಯಿಯು ಹೆಣ್ಣುಹುಲಿಯಾಗಿ ಹುಟ್ಟಿ, ತಪಸ್ಸಿಗೆ ನಿಂತ ಆ ಮಗನನ್ನೇ ತಿನ್ನುತ್ತಾಳೆ. ಕೇಳುವವನಿಗೆ ಮೈ ನಡುಗುತ್ತದೆ. ಆದರೂ ಸುರಗಿಯನ್ನು ಹುಡುಕುವ ಬುದ್ಧಿ ಹುಟ್ಟುವುದಿಲ್ಲ. ಇದು ಅರಣ್ಯನೀತಿಯ ಪಾಠವೆಂದು ನಾವು ಹೇಳುತ್ತಿಲ್ಲ. ಶ್ರಾವಕನ ಹಟ್ಟಿಗೂ ಹುಲಿ ಬರುತ್ತಿತ್ತು. ಅವನೂ ಬೆಂಕಿ ಹಾಕಿ ಕೂಗುತ್ತಿದ್ದಿರಬೇಕು. ಹಾನಗಲ್ಲಿನ ಕಲ್ಲನ್ನು ಪರಂಪರೆಯೆಂದು ಕರೆಯುವವರು ಬಂಕಾಪುರದ ಕಥೆಯನ್ನೂ ಹಾಗೆಯೇ ಕರೆಯಬೇಕೆಂಬುದಷ್ಟೇ ನಮ್ಮ ಮಾತು.

ಇನ್ನು ಕನ್ನಡಿಗರ ಮನಸ್ಸಿನಲ್ಲಿ ಹುಲಿಯೆಂಬ ಪ್ರಾಣಿಯನ್ನು ಎಲ್ಲ ಶಾಸನಗಳಿಗಿಂತ ಆಳವಾಗಿ ಕೊರೆದ ಗೋವಿನ ಹಾಡಿನ ವಿಚಾರ. ಇದರ ಕರ್ತೃವಿನ ಹೆಸರು ಉಳಿದಿಲ್ಲ. ಕಥೆಯನ್ನು ಬಾಲ್ಯದಲ್ಲಿ ಕೇಳದ ಕನ್ನಡಿಗನಿಲ್ಲವಾದುದರಿಂದ ಅದನ್ನಿಲ್ಲಿ ಹೇಳುವುದು ಬೇಡ. ಇದರ ಬಗ್ಗೆ ಬರೆದವರು ಪುಣ್ಯಕೋಟಿಯ ಸತ್ಯನಿಷ್ಠೆಯನ್ನೇ ಕೊಂಡಾಡುತ್ತ ಬಂದಿದ್ದಾರೆ. ಅರ್ಬುತನ (ಅರ್ಭುತನೆಂಬ ಪಾಠವೂ ಉಂಟು) ಕಡೆಗೆ ನೋಡಿದವರು ಕಡಿಮೆ.

ಕಥೆಯ ಮೂಲರೂಪವು ಸಂಸ್ಕೃತ ಪುರಾಣಗಳಲ್ಲಿಯೂ ಉಂಟು. ಪದ್ಮಪುರಾಣದ ಸೃಷ್ಟಿಖಂಡದಲ್ಲಿ ಗೋವಿನ ಹೆಸರು ನಂದೆ. ಹುಲಿಯು ಪ್ರಭಂಜನನೆಂಬ ಅರಸು. ಅವನು ಬೇಟೆಗೆ ಹೋದಾಗ ಮರಿಗೆ ಮೊಲೆಯೂಡುತ್ತಿದ್ದ ಹೆಣ್ಣುಜಿಂಕೆಯನ್ನು ಬಾಣದಿಂದ ಹೊಡೆದನು. ಸಾಯುವ ಜಿಂಕೆಯ ಶಾಪದಿಂದ ಹುಲಿಯಾದನು. ನಂದೆಯ ಸತ್ಯದಿಂದ ಶಾಪವು ಕಳೆದು ಮರಳಿ ಅರಸನಾದನು. ಹೀಗೆ ಸಂಸ್ಕೃತದಲ್ಲಿ ಹುಲಿಯ ಚರ್ಮದೊಳಗೆ ಇದ್ದವನು ಬೇಟೆಗಾರ ಮನುಷ್ಯನೇ. ಕನ್ನಡದ ಕವಿಯು ಶಾಪವನ್ನು ತೆಗೆದುಹಾಕಿದನು, ಅರಸನನ್ನು ತೆಗೆದುಹಾಕಿದನು. ಹುಲಿಯನ್ನು ಹುಲಿಯಾಗಿಯೇ ಉಳಿಸಿದನು. ಇದು ಸಣ್ಣ ಸಾಹಸವಲ್ಲ. ಹಸಿದ ಕಾಡುಮೃಗಕ್ಕೆ ಮಾತು ಕೊಟ್ಟು, ಮಾತಿನಿಂದ ಕರಗುವ ಹೃದಯವನ್ನು ಕೊಟ್ಟು, ಗೋವನ್ನು ಒಡಹುಟ್ಟಿದವಳೆಂದು ಅದರ ಬಾಯಿಂದ ಹೇಳಿಸಿದನು. ಮನುಷ್ಯನ ಸಮಾನತೆಗೆ ಮೃಗವನ್ನು ಏರಿಸಿದ ಈ ಭಾಗವು ಕನ್ನಡ ಕಾವ್ಯದಲ್ಲಿಯೇ ಅಪೂರ್ವವಾದುದು.

ಆದರೆ ಶಾಪವನ್ನು ತೆಗೆದುದರಿಂದ ಕವಿಗೆ ತೊಡಕೊಂದು ಬಂದಿತು. ಶಾಪವಿಲ್ಲದ ಹುಲಿಗೆ ವಿಮೋಚನೆಯೂ ಇಲ್ಲ. ಗೋವನ್ನು ತಿನ್ನದ ಹುಲಿಯು ನಾಳೆ ಏನನ್ನು ತಿನ್ನಬೇಕು? ಈ ಪ್ರಶ್ನೆಗೆ ಕವಿಯಲ್ಲಿ ಉತ್ತರವಿಲ್ಲ. ಆದುದರಿಂದ ಹುಲಿಯು ಮೇಲಕ್ಕೆ ನೆಗೆದು ಪ್ರಾಣ ಬಿಡುತ್ತದೆ. ಕೊಂದವನ ಕೈಗೆ ರಕ್ತ ಅಂಟದಂತೆ ಕಾಡು ಬರಿದಾಗುತ್ತದೆ. ಹುಲಿಯು ಒಳ್ಳೆಯದಾದ ಗಳಿಗೆಯಲ್ಲಿಯೇ ಇಲ್ಲವಾಗುತ್ತದೆ. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು: ಹಾಡು ಗೋವಿಗೆ ಕರುವನ್ನು ಕೊಟ್ಟಿದೆ, ಕರುವನ್ನು ಒಪ್ಪಿಸಲು ಒಡನಾಡಿಗಳನ್ನು ಕೊಟ್ಟಿದೆ, ಕಾಯಲು ಕಾಳಿಂಗನನ್ನು ಕೊಟ್ಟಿದೆ, ಹುಲಿಗೆ ಹಸಿವೆಯೊಂದನ್ನೇ ಕೊಟ್ಟಿದೆ. ಅರ್ಬುತನಿಗೆ ಜೋಡಿಯಿಲ್ಲ, ಮರಿಗಳಿಲ್ಲ. ಪುರಾಣದಲ್ಲಾದರೋ ಮೊಲೆಯೂಡುವ ತಾಯಿಯು ಕಾಡಿನ ಪಕ್ಷದಲ್ಲಿಯೂ ಒಬ್ಬಳು ಇದ್ದಳು. ಕನ್ನಡಕ್ಕೆ ಬರುವಾಗ ಆ ಜಿಂಕೆ ಬಿದ್ದುಹೋಯಿತು. ಹಾಡಿನ ಸೌಂದರ್ಯವನ್ನು ಇದರಿಂದ ಕುಂದಿಸುವ ಉದ್ದೇಶ ನಮಗಿಲ್ಲ. ಆದರೂ ಶಾಲೆಯ ಬೆಂಚಿನ ಮೇಲೆ ಕುಳಿತು ಕಣ್ಣೀರಿಟ್ಟ ನಾವೆಲ್ಲರೂ, ಹುಲಿಯು ತಾನಾಗಿಯೇ ಸತ್ತು ಸಮಸ್ಯೆಯನ್ನು ಬಗೆಹರಿಸಲಿ ಎಂಬ ಆಸೆಯನ್ನೂ ಅಲ್ಲಿಯೇ ಕಲಿತಿದ್ದೇವೆಯೋ ಏನೋ.

ಈಗ ಎರಡನೆಯ ಬಗೆಯ ಶಾಸನಕ್ಕೆ ಬರೋಣ. ಇಂಗ್ಲಿಷರ ಆಳಿಕೆಯಲ್ಲಿ ಈ ತಾಲೂಕುಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಹಿರೇಕೆರೂರು ಕೋಡ ತಾಲೂಕಿನ, ಶಿಗ್ಗಾಂವಿಯು ಬಂಕಾಪುರ ತಾಲೂಕಿನ ಮುಖ್ಯಸ್ಥಳವಾಗಿದ್ದವು. ಸವಣೂರು ಮಾತ್ರ 1948ರ ವರೆಗೆ ನವಾಬರ ಸಂಸ್ಥಾನವಾಗಿತ್ತು. ಆ ಸರಕಾರವು ಹುಲಿ, ಚಿರತೆ, ತೋಳಗಳನ್ನು ಕೊಂದವರಿಗೆ ಇನಾಮು ಕೊಡುತ್ತಿತ್ತು. ವೀರನು ಸತ್ತರೆ ಕಲ್ಲು ಎಂಬ ಕ್ರಮವು ಮೃಗವು ಸತ್ತರೆ ರೂಪಾಯಿ ಎಂದು ಬದಲಾಯಿತು. ಹುಲಿಯನ್ನು ಕೊಲ್ಲುವುದು ಪರಂಪರೆಯೆಂದು ಇಂದು ಕರೆಯಲ್ಪಡುವುದರಲ್ಲಿ ಹೆಚ್ಚಿನ ಪಾಲು ಈ ಇನಾಮಿನ ಕಾಲದ್ದೇ. 1951ರಲ್ಲಿ ಮುಂಬಯಿ ಸರಕಾರವು ಕಾಡುಪ್ರಾಣಿಗಳ ರಕ್ಷಣೆಗೆ ಕಾಯಿದೆ ಮಾಡಿತು. 1970ರಲ್ಲಿ ಹುಲಿಬೇಟೆಯು ದೇಶದಲ್ಲೆಲ್ಲ ನಿಂತಿತು. 1972ರಲ್ಲಿ ಇಂದಿನ ಕಾಯಿದೆಯು ಬಂದಿತು. 1973ರಲ್ಲಿ ಹುಲಿಯೋಜನೆಯು ಬಂಡೀಪುರವನ್ನೂ ಒಳಗೊಂಡು ಮೊದಲಾಯಿತು. ಫಲವೂ ಕಂಡಿದೆ. 2006ರಲ್ಲಿ 1,411 ಎಂದು ಎಣಿಸಿದ ಹುಲಿಗಳನ್ನು 2022ರಲ್ಲಿ 3,682 ಎಂದು ಅಂದಾಜು ಮಾಡಿದರು. ಕರ್ನಾಟಕದ ಪಾಲು 563. ಅದೇ ವರ್ಷದ ಎಣಿಕೆಯಲ್ಲಿ ದೇಶದ ಚಿರತೆಗಳು 13,874, ಕರ್ನಾಟಕದವು 1,879. ಹಾನಗಲ್ಲು ಹಿರೇಕೆರೂರುಗಳ ರೈತನಿಗೆ ಹುಲಿಯು ಈಗ ಕಥೆಯ ಪ್ರಾಣಿ. ಅವನ ನಾಯಿಯನ್ನೂ ಕರುವನ್ನೂ ಒಯ್ಯುವುದು ಚಿರತೆ.

ಕಾಯಿದೆಯ ಓದಿನಲ್ಲಿ ಆಗಿರುವ ತಪ್ಪು ಹೀಗಿದೆ. ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿಯನ್ನು ಏನು ಮಾಡಿದರೂ ಕೊಲ್ಲಕೂಡದೆಂದು ಜನರು ನಂಬಿದ್ದಾರೆ. ಹಾಗೆಂದು ಅವರಿಗೆ ಹೇಳಲಾಗಿದೆ. 11ನೆಯ ಕಲಮು ಹಾಗೆ ಹೇಳುವುದಿಲ್ಲ. ಅಂಥ ಪ್ರಾಣಿಯು ಮನುಷ್ಯರ ಜೀವಕ್ಕೆ ಅಪಾಯಕಾರಿಯಾಗಿದ್ದರೆ, ಅಥವಾ ಗುಣವಾಗದಷ್ಟು ಊನಗೊಂಡಿದ್ದರೆ ಇಲ್ಲವೆ ರೋಗಕ್ಕೀಡಾಗಿದ್ದರೆ, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕನು ಕಾರಣಗಳನ್ನು ಬರೆದು ಅದನ್ನು ಕೊಲ್ಲಲು ಅಪ್ಪಣೆ ಕೊಡಬಹುದು; ಅದಕ್ಕೆ ಮೊದಲು ಹಿಡಿಯುವುದಾಗಲಿ, ಮದ್ದಿನಿಂದ ಮಲಗಿಸುವುದಾಗಲಿ, ಬೇರೆಡೆಗೆ ಸಾಗಿಸುವುದಾಗಲಿ ಸಾಧ್ಯವಿಲ್ಲವೆಂದು ಅವನಿಗೆ ಮನವರಿಕೆಯಾಗಬೇಕು. ತನ್ನ ಅಥವಾ ಬೇರೆಯವರ ಪ್ರಾಣವನ್ನು ಉಳಿಸಿಕೊಳ್ಳಲು ಪ್ರಾಮಾಣಿಕವಾಗಿ ಮೃಗವನ್ನು ಕೊಂದರೆ ಅದು ಅಪರಾಧವಲ್ಲವೆಂದು ಅದೇ ಕಲಮಿನ ಎರಡನೆಯ ಭಾಗವು ಸ್ಪಷ್ಟವಾಗಿ ಹೇಳುತ್ತದೆ. ಹುಲಿಗಲ್ಲಿನ ವೀರನು, ಕಲ್ಲಿನ ಮೇಲೆ ಕಾಣುವಂತೆ ಹೆಗಲ ಮೇಲೆ ಪಂಜವಿದ್ದಾಗ ಸುರಗಿಯನ್ನು ಎತ್ತಿದವನಾಗಿದ್ದರೆ, 1972ರ ಕಾಯಿದೆಯ ಪ್ರಕಾರವೂ ನಿರ್ದೋಷಿಯೇ. ಎರಡು ಶಾಸನಗಳ ನಡುವೆ ವಿರೋಧವಿದೆಯೆಂಬ ಮೂಲವಾದವು ಇಲ್ಲಿಗೆ ಬೀಳುತ್ತದೆ.

ಹಾಗಾದರೆ ಅನುಸೂಚಿಯಿಂದ ಕೆಳಗಿಳಿಸುವುದರಿಂದ ಬದಲಾಗುವುದೇನು? 2022ರ ತಿದ್ದುಪಡಿಯು ಆರು ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿತು. ಪ್ರಾಣಿಗಳಿಗೆ ಉಳಿದ ರಕ್ಷಣೆಯ ಮೆಟ್ಟಲುಗಳು ಎರಡೇ. ಮೊದಲನೆಯ ಮೆಟ್ಟಲಿನಲ್ಲಿ ಅಪ್ಪಣೆಗೆ ಬೇಕಾದುದು ಮನುಷ್ಯರ ಜೀವಕ್ಕೆ ಅಪಾಯ. ಎರಡನೆಯದರಲ್ಲಿ ಜೀವಕ್ಕೆ ಅಥವಾ ಸ್ವತ್ತಿಗೆ, ನಿಂತ ಪೈರಿಗೆ ಸಹ. ಮೊದಲನೆಯದರಲ್ಲಿ ಅಪ್ಪಣೆ ಕೊಡುವವನು ಒಬ್ಬನೇ. ಎರಡನೆಯದರಲ್ಲಿ ಅಧಿಕಾರ ಹೊಂದಿದ ಬೇರೆ ಅಧಿಕಾರಿಯೂ ಕೊಡಬಹುದು. ಇದಕ್ಕೂ ಮಿಗಿಲಾಗಿ 62ನೆಯ ಕಲಮಿನಂತೆ ಎರಡನೆಯ ಅನುಸೂಚಿಯ ಪ್ರಾಣಿಯನ್ನು ಒಂದು ಪ್ರದೇಶದಲ್ಲಿ, ಗೊತ್ತುಪಡಿಸಿದ ಕಾಲಕ್ಕೆ, ಉಪದ್ರವಕಾರಿಯೆಂದು ಕೇಂದ್ರ ಸರಕಾರವು ಸಾರಬಹುದು; ಸಾರಿದ ಮೇಲೆ ಅಲ್ಲಿ ರಕ್ಷಣೆಯೇ ಇಲ್ಲ. ಸ್ವತ್ತಿಗೆ ಎಂಬ ಆ ಒಂದು ಶಬ್ದದಲ್ಲಿ ಇಡೀ ರಾಜಕಾರಣವು ಅಡಗಿದೆ. ಸತ್ತ ಮನುಷ್ಯನ ಹೆಸರಿನಲ್ಲಿ ಬೇಡಿಕೆ ಏಳುತ್ತದೆ. ಸತ್ತ ಮನುಷ್ಯನಿಗಾಗಿ ಬೇಕಾದ ಅಧಿಕಾರವು ಈಗಲೇ ಇದೆ. ಬೇಡಿಕೆಯು ಈಡೇರಿದರೆ ಹೊಸದಾಗಿ ಸಿಗುವ ಅಧಿಕಾರವು ಸತ್ತ ಕುರಿಗಾಗಿ. ಕುರಿಯು ಸತ್ತವನ ಕಷ್ಟವನ್ನು ನಾವು ಲಘುವೆನ್ನುವುದಿಲ್ಲ. ಅದನ್ನು ಕುರಿಯ ಹೆಸರಿನಲ್ಲಿಯೇ ಕೇಳಬೇಕು, ಪರಿಹಾರವು ಹೊತ್ತಿಗೆ ಬರುವಂತೆ ಕೇಳಬೇಕು ಎನ್ನುತ್ತೇವೆ.

ಈ ಕಲೆಯು ನಮ್ಮದೇ ಅಲ್ಲ. ಅಮೆರಿಕದಲ್ಲಿ 2011ರಲ್ಲಿ ಧನವಿನಿಯೋಗದ ಮಸೂದೆಯೊಂದರ ಬಾಲಕ್ಕೆ ರಾಕಿ ಪರ್ವತಗಳ ಬಡಗಣ ಸೀಮೆಯ ತೋಳವನ್ನು ಕಟ್ಟಿ ಅದರ ರಕ್ಷಣೆಯನ್ನು ತೆಗೆದುಹಾಕಿದರು. 2020ರಲ್ಲಿ ಉಳಿದ ಬಹುಭಾಗದಲ್ಲಿಯೂ ತೆಗೆದುದನ್ನು 2022ರಲ್ಲಿ ನ್ಯಾಯಾಲಯವು ರದ್ದುಮಾಡಿತು. ಯುರೋಪಿನ ಆಯೋಗದ ಅಧ್ಯಕ್ಷೆಯ ತಟ್ಟುಕುದುರೆಯನ್ನು 2022ರಲ್ಲಿ ತೋಳವು ಕೊಂದಿತು. 2024ರ ಡಿಸೆಂಬರದಲ್ಲಿ ಬರ್ನ್ ಒಪ್ಪಂದದ ಸಮಿತಿಯು ಆ ಖಂಡದ ತೋಳವನ್ನು ಒಂದು ಮೆಟ್ಟಲು ಇಳಿಸಿತು. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲು ನಮ್ಮಲ್ಲಿ ಆಧಾರವಿಲ್ಲ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆ ಮಾತ್ರ ನೆನಪಾಗುತ್ತದೆ. ಮಗ್ಗುಲ ರಾಜ್ಯಗಳಲ್ಲಿ 2025ರಲ್ಲಿ ಕೇರಳದ ಶಾಸನಸಭೆಯು ಈ ಅಧಿಕಾರಗಳನ್ನು ರಾಜ್ಯದ ಕೈಗೆ ತೆಗೆದುಕೊಳ್ಳುವ ಮಸೂದೆಯನ್ನು ಅಂಗೀಕರಿಸಿತು. ಚಿರತೆಯನ್ನು ಎರಡನೆಯ ಅನುಸೂಚಿಗೆ ಇಳಿಸಬೇಕೆಂಬ ಮಾತು ಮಹಾರಾಷ್ಟ್ರದ ಸರಕಾರದೊಳಗಿನಿಂದಲೇ ಎದ್ದಿತು. ಇತ್ತ ನಮ್ಮಲ್ಲಿ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಬಂಕಾಪುರವು ತೋಳಗಳ ಧಾಮವೆಂದು ಹೆಸರಾಗಿದೆ. ಶಿಗ್ಗಾಂವಿಯ ಬಂಕಾಪುರದ ಕೋಟೆಯಲ್ಲಿರುವವು ನವಿಲುಗಳು. ಎರಡನ್ನೂ ಒಂದೆಂದು ತಿಳಿದು ನವಿಲಿನ ಕೋಟೆಗೆ ತೋಳವನ್ನು ನೋಡಲು ಬರುವವರುಂಟು.

ರಕ್ಷಣೆಯ ಪಕ್ಷದವರ ಓದಿನಲ್ಲಿಯೂ ದೋಷವಿಲ್ಲದಿಲ್ಲ. ಪಟ್ಟಣದಲ್ಲಿ ಕುಳಿತು ಹುಲಿಗಳ ಸಂಖ್ಯೆ ಏರಿತೆಂದು ಹರ್ಷಪಡುವವರು ಹುಲಿಗಲ್ಲಿನ ಕೆಳಗಿನ ಪಟ್ಟಿಕೆಯನ್ನು ನೋಡುವುದಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಸರಗೂರಿನ ಸುತ್ತಲಿನ ಹಳ್ಳಿಗಳಲ್ಲಿ ಹುಲಿಯ ಬಾಯಿಗೆ ಬಿದ್ದ ರೈತರಿಗೆ ಕಲ್ಲು ನಿಲ್ಲಿಸಿದವರು ಯಾರು? ಬಂಡೀಪುರ ನಾಗರಹೊಳೆಗಳಲ್ಲಿ ಪ್ರವಾಸಿಗರ ಸವಾರಿಯನ್ನು ಆಗ ನಿಲ್ಲಿಸಲಾಯಿತು. ಚರ್ಚೆಯೆಲ್ಲವೂ ಆ ಸವಾರಿಯ ಸುತ್ತಲೇ ನಡೆಯಿತು. ಹತ್ತನೆಯ ಶತಮಾನದ ಊರೊಂದು ತನ್ನ ಸತ್ತವನಿಗೆ ಮಾಡುತ್ತಿದ್ದಷ್ಟನ್ನು ನಾವು ಮಾಡುತ್ತಿಲ್ಲ. ವೀರಗಲ್ಲಿನ ಜೊತೆಗೆ ಸತ್ತವನ ಮನೆತನಕ್ಕೆ ಗದ್ದೆಯನ್ನು ಬಿಡುವ ಪದ್ಧತಿಯೂ ಇತ್ತು. ಅದಕ್ಕೆ ನೆತ್ತರುಗೊಡಗೆಯೆಂದು ಹೆಸರು. ಅರ್ಜಿ, ಪಂಚನಾಮೆ, ವರದಿಗಳ ಮೂರು ಸುತ್ತಿಗೆ ಕಾದು ಕುಳಿತ ವಿಧವೆಗೆ ಆ ಶಬ್ದದ ಅರ್ಥವನ್ನು ಹೇಳಿಕೊಡುವುದು ಕಷ್ಟ.

2025ರ ಜೂನ್ ತಿಂಗಳಿನಲ್ಲಿ ಮಲೆಮಹದೇಶ್ವರ ಬೆಟ್ಟಗಳ ಹೂಗ್ಯಂ ಅರಣ್ಯವಲಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದುದನ್ನು ಕಂಡರು. ಹುಲಿಯು ಹಸುವನ್ನು ಕೊಂದಿತ್ತು. ಹಸುವಿನ ಹೆಣಕ್ಕೆ ವಿಷವನ್ನು ಬೆರೆಸಲಾಗಿತ್ತು. ತಾಯಿಯೂ ಮರಿಗಳೂ ಅದನ್ನು ತಿಂದವು. ಆ ಬೆಟ್ಟದ ದೈವವಾದ ಮಾದಪ್ಪನು ಹುಲಿಯನ್ನೇರಿದವನು. ಕಂಸಾಳೆಯವರು ಹಾಡುವ ಮಹಾಕಾವ್ಯವು ಅವನದೇ. ಗೋವಿನ ಹಾಡಿನ ಎಲ್ಲ ಪಾತ್ರಗಳೂ ಇಲ್ಲಿ ಇದ್ದವು: ಹಸು, ಹುಲಿ, ದನಗಾಹಿ, ಬೆಟ್ಟ. ಹಾಡಿನಲ್ಲಿ ಇಲ್ಲದ ಮರಿಗಳೂ ಇದ್ದವು. ಸುರಗಿ ಹಿಡಿದು ಎದುರು ನಿಂತ ವೀರನೊಬ್ಬನು ಮಾತ್ರ ಇರಲಿಲ್ಲ; ಆದುದರಿಂದ ಈ ಕೃತ್ಯಕ್ಕೆ ವೀರಗಲ್ಲಿನ ಪರಂಪರೆಯ ಸಾಕ್ಷಿಯನ್ನು ತರುವುದು ಸಾಧ್ಯವಿಲ್ಲ. ದನವನ್ನು ಕಳೆದುಕೊಂಡವನ ರೋಷವು ನಮಗೆ ಅರ್ಥವಾಗದ ಸಂಗತಿಯಲ್ಲ. ಆದರೆ ಅನುಸೂಚಿಯ ಮೆಟ್ಟಲನ್ನು ಇಳಿಸಿದರೆ ವಿಷದ ಬಳಕೆಯು ನಿಲ್ಲುತ್ತದೆಂದು ಹೇಳುವವರು ಯಾವ ಆಧಾರದಿಂದ ಹೇಳುತ್ತಾರೆ? ವಿಷವು ಮುಖ್ಯ ಪರಿಪಾಲಕನ ಅಪ್ಪಣೆಗೆ ಕಾಯಲಿಲ್ಲ. ಕೆಳಗಿನ ಅಧಿಕಾರಿಯ ಅಪ್ಪಣೆಗೂ ಕಾಯುವುದಿಲ್ಲ.

ತುರುಗೋಳಿನ ಕಲ್ಲುಗಳಿಗಿಂತ ಹುಲಿಗಲ್ಲುಗಳು ಅಲ್ಪವೆಂದು ಮೇಲೆ ಹೇಳಿದುದು ನಾಡಿನ ಒಟ್ಟು ನೋಟದಿಂದ. ಬರಹವಿರುವ ವೀರಗಲ್ಲುಗಳು ಗ್ರಂಥಗಳಲ್ಲಿ ಸೇರುತ್ತವೆ. ಹುಲಿಗಲ್ಲುಗಳಲ್ಲಿ ಬರಹವಿಲ್ಲದವು ಅನೇಕ, ಅವು ಕೆರೆಯ ಏರಿಯ ಮೇಲೂ ಹನುಮಪ್ಪನ ಗುಡಿಯ ಹಿಂದೆಯೂ ಲೆಕ್ಕಕ್ಕೆ ಸಿಕ್ಕದೆ ನಿಂತಿರುತ್ತವೆ. ಈ ನಾಲ್ಕು ತಾಲೂಕುಗಳ ಬರಹವಿಲ್ಲದ ಕಲ್ಲುಗಳನ್ನು ಊರೂರು ತಿರುಗಿ ಎಣಿಸುವ ಕೆಲಸವನ್ನು ಯಾರಾದರೂ ಕೈಕೊಂಡರೆ, ಮೃಗದ ಎತ್ತರವನ್ನೂ ವೀರನ ಎತ್ತರವನ್ನೂ ಗೇಣಿನಿಂದ ಅಳೆದು ಬರೆದುಕೊಳ್ಳಬೇಕೆಂದು ಪ್ರಾರ್ಥನೆ. ನಮ್ಮ ಮಾತನ್ನು ತಿದ್ದಬೇಕಾಗಿ ಬಂದರೆ ಇದೇ ಪತ್ರಿಕೆಯಲ್ಲಿ ತಿದ್ದಿಕೊಳ್ಳುವೆವು.